ತಿರುಗಿಸಿ ತೊಟ್ಟ ಟೀ ಶರ್ಟು

ಅಂಪೈರು ಹಾಗೆ ಹೇಳಿರಲೇ ಇಲ್ಲ. ಹೇಳಿದವಳು ನಾನು. ಉಳಿದ ವಿವರಗಳಲ್ಲಿ ನನ್ನ ನೆನಪು ತಪ್ಪಿರಬಹುದು — ಅಂದು ಬಿಸಿಲಿತ್ತೋ ಮೋಡವಿತ್ತೋ, ಡೈರಿಯ ಆ ದಿನದ ಹಾಳೆಯನ್ನು ಹರಿದೆನೋ, ಬರೆಯಲೇ ಇಲ್ಲವೋ... ಆದರೆ ಸುಳ್ಳು ನನ್ನದೇ. ಅದರಲ್ಲಿ ಅನುಮಾನವಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಪಾಂಡವಪುರದಲ್ಲಿ ಪಿಯುಸಿ ಓದುತ್ತಿದ್ದೆ, ಹುಡುಗಿಯರ ಖೋಖೋ ತಂಡಕ್ಕೆ ಕ್ಯಾಪ್ಟನ್. ಆಗ ನಮ್ಮ ಕಡೆಯ ತಂಡಗಳಿಗೆ ಟೀ ಶರ್ಟು ಕೊಡಿಸುತ್ತಿದ್ದದ್ದು ಊರಿನ ಅಂಗಡಿಗಳು. ನಾಗಮಂಗಲದವರ ಎದೆಯ ಮೇಲೆ ಹಿಟ್ಟಿನ ಗಿರಣಿ, ಕೆ.ಆರ್.ಪೇಟೆಯವರ ಎದೆಯ ಮೇಲೆ ಬೇಕರಿ. ನಮಗೆ ಕೊಟ್ಟವನು ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ. ಮೈಸೂರಿಗೆ ಹೋಗಿ ಹನ್ನೆರಡು ಹಳದಿ ಟೀ ಶರ್ಟುಗಳಿಗೆ ಅಚ್ಚು ಹಾಕಿಸಿಕೊಂಡು ಬಂದ. ನಡುವೆ ಅವನೇ ಬರೆದುಕೊಟ್ಟ ಚಕ್ರ, ಸುತ್ತ ‘ನಿಂಗಣ್ಣ ಸೈಕಲ್ ಶಾಪ್, ಪಾಂಡವಪುರ’, ಕೆಳಗೆ ‘ಗಾಳಿ ಉಚಿತ’.

“ಚಕ್ರದ ಕಡ್ಡಿ ಎಣಿಸ್ಕೊ ಮಗ, ನಲವತ್ತೂ ಅವೆ. ಒಂದ್ ಕಮ್ಮಿ ಇದ್ರೆ ಅಂಗಿ ವಾಪಸ್ ತಕತೀನಿ,” ಎಂದಿದ್ದ.

ಪಂದ್ಯಗಳು ಶ್ರೀರಂಗಪಟ್ಟಣದಲ್ಲಿ. ಮೈಸೂರಿನಿಂದ ಬಂದಿದ್ದ ತಂಡದ ಮೈಮೇಲೆ ದೊಡ್ಡ ಕಂಪನಿಯ ಬಿಳಿ ಅಂಗಿಗಳು. ಅವರಲ್ಲೊಬ್ಬಳು ‘ಗಾಳಿ ಉಚಿತ’ ಎಂದು ಜೋರಾಗಿ ಓದಿ ನಕ್ಕಳು. ಹಂಗಿಸಿದ್ದೋ, ಸುಮ್ಮನೆ ತಮಾಷೆಗೆ ನಕ್ಕಿದ್ದೋ — ಈಗ ಹೇಳಲಾರೆ. ನನ್ನ ಕಿವಿ ಮಾತ್ರ ಬಿಸಿಯಾಯಿತು.

“ಎಲ್ರೂ ಅಂಗಿ ತಿರುಗಿಸ್ ಆಕ್ಕೊಳಿ. ಅಂಗ್ಡಿ ಎಸ್ರು ಇರ್ಬಾರದಂತೆ, ಅಂಪೈರು ಅಂದ್ರು.”

ನಮ್ಮ ತಂಡದ ಜಯಮ್ಮ ಒಪ್ಪಲಿಲ್ಲ. “ನಿಮ್ಮಾವ ಎಷ್ಟ್ ಆಸೆಯಿಂದ ಕೊಟ್ಟವ್ರೆ ಕಣಮ್ಮಿ! ನಾನ್ ತಿರುಗ್ಸಕಿಲ್ಲ.”

“ಅಂಗಾದ್ರೆ ಆಡ್ಬೇಡ.”

ಅವಳೂ ತಿರುಗಿಸಿದಳು. ಹೊಲಿಗೆಗಳನ್ನು ಹೊರಗೆ ಮಾಡಿಕೊಂಡು ನಾವು ಹನ್ನೆರಡು ಜನ ಗೆದ್ದೆವು. ಹಾಗೇ ನಿಂತು ಫೋಟೋ ತೆಗೆಸಿಕೊಂಡೆವು.

ಅಂದು ಪಾಂಡವಪುರದಲ್ಲಿ ಸಂತೆ. ಮಾವ ಅಂಗಡಿ ಬಿಟ್ಟು ಬಂದಿರಲಿಲ್ಲ. ಆಮೇಲೆ ಫೋಟೋ ತೊಳೆಸಿ ತಂದು ತೋರಿಸಿದಾಗ, ಅದನ್ನು ಕಣ್ಣ ಹತ್ತಿರ ಹಿಡಿದು, “ಎಸ್ರು ಎಲ್ಲವ್ವ?” ಎಂದ. ಅದೇ ಸುಳ್ಳನ್ನು ಅವನಿಗೂ ಹೇಳಿದೆ. ಫೋಟೋದ ಈ ಅಂಚಿನಿಂದ ಆ ಅಂಚಿನವರೆಗೆ ಕಣ್ಣು ಹಾಯಿಸಿದ. “ಅಂಗಾ? ಬುಡು. ನಿಮ್ ಆಟ ನಡೀಬೇಕು, ನನ್ನೆಸ್ರು ಕಟ್ಕೊಂಡೇನು.” ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತಾನು ಕೂತು ಕೆಲಸ ಮಾಡುವ ಮಣೆಯ ಎದುರಿನ ಗೋಡೆಗೇ ನೇತುಹಾಕಿದ.

ಮರುವರ್ಷದ ಟೀ ಶರ್ಟುಗಳಲ್ಲಿ ಚಕ್ರ ಮಾತ್ರ ಇತ್ತು. ಅದರ ಮುಂದಿನ ವರ್ಷವೂ ಅಷ್ಟೇ. ಎಷ್ಟೋ ವರ್ಷ ಕೊಡುತ್ತಲೇ ಹೋದ — ಹೆಸರಿಲ್ಲದೆ.

ಹೋದ ತಿಂಗಳು ಶ್ರೀರಂಗಪಟ್ಟಣದಲ್ಲಿ ಹಳೆಯ ಆಟಗಾರ್ತಿಯರೆಲ್ಲ ಸೇರಿದ್ದೆವು. ಅನೇಕರು ಆಗಿನ ಟೀ ಶರ್ಟು ತಂದಿದ್ದರು. ಮುಚ್ಚಿಹೋದ ಗಿರಣಿ, ಕೈಬದಲಾದ ಬೇಕರಿ — ಉದುರುತ್ತಿದ್ದ ಅಕ್ಷರಗಳನ್ನು ಮಕ್ಕಳ ಕೆನ್ನೆ ಸವರುವಂತೆ ಸವರುತ್ತಿದ್ದರು. ನಮ್ಮ ನಂತರ ಆಡಿದವಳೊಬ್ಬಳು ಚಕ್ರದ ಅಂಗಿ ಬಿಡಿಸಿ, “ಇದ್ಯಾರ್ ಕೊಟ್ಟಿದ್ದೋ ಗೊತ್ತಿಲ್ಲ ಕಣಕ್ಕ. ಬಿಸಾಕಕ್ಕೆ ಮಾತ್ರ ಮನ್ಸಿಲ್ಲ,” ಎಂದಳು.

ಎದ್ದು ನಿಂತೆ. “ನಮ್ಮಾವ,” ಎಂದೆ. ಅವನ ಹೆಸರು, ಅಂಗಡಿ, ನನ್ನ ಸುಳ್ಳು — ಎಲ್ಲವನ್ನೂ ಹೇಳಿದೆ. ಜಯಮ್ಮ, “ಥೂ ಪಾಪಿ, ನನ್ ಕೈಲೂ ತಿರುಗ್ಸಿಬುಟ್ಟೆಯಲ್ಲೇ!” ಎಂದು ಬೆನ್ನಿಗೆ ಗುದ್ದಿದಳು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಲ್ಲ, ಅವನಿಗೆ. ಅಷ್ಟು ಹೆಮ್ಮೆ ನನಗೆ ವಿಶ್ವವಿದ್ಯಾಲಯದ ಪದವಿ ಪಡೆದ ದಿನವೂ ಆಗಿರಲಿಲ್ಲ.

ಮರುದಿನ ನನ್ನ ಟೀ ಶರ್ಟನ್ನು ಪೆಟ್ಟಿಗೆಯಿಂದ ತೆಗೆದೆ. ಬಣ್ಣ ಹೋಗಿದೆ, ಕಡ್ಡಿಗಳು ನಲವತ್ತೂ ಇವೆ, ಎಣಿಸಿದೆ. ಹೆಸರು ಹೊರಗೆ ಕಾಣುವಂತೆ ತೊಟ್ಟು, ಬಸ್‌ಸ್ಟ್ಯಾಂಡಿನ ನಟ್ಟನಡುವೆ ತಲೆಯೆತ್ತಿ ನಡೆದು ಮಾವನ ಅಂಗಡಿಗೆ ಹೋದೆ. ನನ್ನನ್ನು ನೋಡಿ ಅವನ ಮುಖ ಅರಳಿತು. ನಿಜವನ್ನು ಹೇಗೆ ಶುರುಮಾಡಲಿ ಎಂದು ಗೋಡೆಯ ಕಡೆ ತಿರುಗಿದೆ...

ಫೋಟೋದ ಅಂಚಿನಲ್ಲಿ, ಎರಡನೇ ಸ್ಥಾನ ಬಂದ ಕೆ.ಆರ್.ಪೇಟೆಯ ಹುಡುಗಿಯರು ನಿಂತಿದ್ದಾರೆ. ಅವರ ಎದೆಯ ಮೇಲೆ ಬೇಕರಿಯ ಹೆಸರು — ಒಂದೊಂದು ಅಕ್ಷರವೂ ಸ್ಪಷ್ಟ. ಯಾವ ಅಂಪೈರೂ ಅವರನ್ನು ತಡೆದಿರಲಿಲ್ಲ. ಇಷ್ಟು ವರ್ಷ ಅದು ಅವನ ಕಣ್ಣೆದುರೇ ಇತ್ತು.

ಅವನು ಒಂದು ಚಕ್ರವನ್ನು ತಿರುಗಿಸಿ, ಅದು ಎಲ್ಲಿ ಓಲಾಡುತ್ತದೆಂದು ನೋಡುತ್ತಿದ್ದ.

“ಮಾವ, ಈ ಬೇಕರಿ ಎಸ್ರ ನೀನು ಆವತ್ತೇ ಓದಿದ್ಯಾ? ಎಲ್ಲಾ ಗೊತ್ತಿದ್ದೂ... ನಂಗೋಸ್ಕರ ನಿನ್ನೆಸ್ರ ತೆಗ್ಸಿದ್ದಾ?”