ಕುಂಕುಮದ ಭರಣಿಯಲ್ಲಿ ನಾಲ್ಕು ನೀಲಿ ನೂಲು

ತುರಿಕೆಗೊಂದು ಪರೋಪಕಾರ ಗುಣವಿದೆ, ಓದುಗರೇ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸು ಎಷ್ಟೇ ತುಂಬಿರಲಿ, ನಾನೊಮ್ಮೆ ಮುಂಗೈ ಕೆರೆದುಕೊಂಡರೆ ಪಕ್ಕದವರು ಎದ್ದು ನಿಲ್ಲುತ್ತಾರೆ. ಇಬ್ಬರ ಸೀಟಿನಲ್ಲಿ ನಾನೊಬ್ಬಳೇ ಮಹಾರಾಣಿಯಂತೆ ವಿರಾಜಮಾನಳಾಗುತ್ತೇನೆ.

ಮೂರು ತಿಂಗಳಿಂದ ನನ್ನ ಎಡಗೈಯ ಚರ್ಮದೊಳಗೆ ಇರುವೆಗಳು ಸಾಲುಗಟ್ಟಿ ನಡೆಯುತ್ತಿವೆ. ಒಗ್ಗರಣೆಯ ಹೊತ್ತಿಗೆ ಪ್ರಯಾಣ ಆರಂಭ, ಪಾತ್ರೆ ತೊಳೆಯುವಾಗ ವಿರಾಮ. ಕೆರೆದಲ್ಲಿ ಒಮ್ಮೊಮ್ಮೆ ಕೂದಲಿಗಿಂತ ಸಣ್ಣದೊಂದು ನೀಲಿ ನೂಲು ಇಣುಕುತ್ತದೆ. ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರು ಬಂದ ದಿನದ ಪಕ್ಕದಲ್ಲೇ ನೂಲು ಬಂದ ದಿನವನ್ನೂ ಗುರುತು ಹಾಕಿ, ಸಿಕ್ಕಿದ ನಾಲ್ಕನ್ನು ಖಾಲಿ ಕುಂಕುಮದ ಭರಣಿಯಲ್ಲಿ ಜೋಪಾನ ಮಾಡಿದೆ. ನಮ್ಮ ಮನೆಯಲ್ಲಿ ಗಂಡಸು ಕೆಮ್ಮಿದರೆ ಕಷಾಯ ತಾನಾಗಿ ಕುದಿಯುತ್ತದೆ. ಹೆಂಗಸಿನ ತುರಿಕೆಗೆ ಸಾಕ್ಷಿ ಬೇಕು.

ಅತ್ತೆಯವರು ನೋಡಿದೊಡನೆ ರೋಗನಿದಾನ ಮುಗಿಸಿದರು. “ಪಿತ್ತದ ಗಂಧೆ ಕಣವ್ವ. ಕರಿ ಕಂಬ್ಳೀಲಿ ಚೆನ್ನಾಗುಜ್ಜಿ, ಅದ್ನೇ ಒದ್ಕೊಂಡು ಮನಿಕೊ.” ಮರುದಿನ ಬೆಳಗ್ಗೆ ತೋಳಿನ ತುಂಬ ಕಪ್ಪು ನೂಲು! ಕಾಯಿಲೆ ಉಲ್ಬಣಿಸಿತೆಂದು ಹಿಗ್ಗಿ, ಎಲ್ಲವನ್ನೂ ಆರಿಸಿ ಅದೇ ಭರಣಿಗೆ ತುಂಬಿ, ಯಜಮಾನರಿಂದ ತಾಂಡ್ಯದ ಕಾರ್ಖಾನೆಗೆ ರಜೆ ಹಾಕಿಸಿ ಅವರನ್ನೂ ಕರೆದುಕೊಂಡು ನರಸೀಪುರದ ಡಾಕ್ಟರ ಬಳಿಗೆ ಹೋದೆ.

ಅವರು ಭೂತಗನ್ನಡಿಯಲ್ಲಿ ನೋಡಿ, “ಇದು ಕುರಿ ಉಣ್ಣೆ ಕಣಮ್ಮ. ಕಾಯಿಲೆ ಇರೋದು ಕಂಬಳಿಗೆ” ಎಂದರು.

“ನಾನು ಅವತ್ತೇ ಯೋಳ್ದೆ ಸಾ,” ಎಂದರು ಯಜಮಾನರು, ಒಂದು ದಿನವೂ ಏನನ್ನೂ ಹೇಳದವರು.

ಇಬ್ಬರೂ ನಕ್ಕರು. ಭರಣಿಯ ತಳದಲ್ಲಿ ನೀಲಿ ನಾಲ್ಕಿದ್ದವು. ಭೂತಗನ್ನಡಿ ಅಲ್ಲಿಯವರೆಗೆ ಇಳಿಯಲಿಲ್ಲ. ನನಗೆ ಸಿಕ್ಕಿದ್ದು ಒಂದು ಮುಲಾಮು, ಟೆನ್ಶನ್ ಬಿಡಬೇಕೆಂಬ ಉಪದೇಶ. ನೀಲಿ ನೂಲು ನನ್ನ ಸೀರೆಯದೇ ಇರಬಹುದು, ಒಪ್ಪಿದೆ. ಆದರೆ ನೋಡಿ ಹೇಳಬಹುದಿತ್ತು. ತುರಿಕೆಯಂತೂ ಸೀರೆಯದಲ್ಲವಲ್ಲ!

ವಾಪಸು ಬಸ್ಸಿನಲ್ಲಿ ಯಜಮಾನರು ಹಿಂದೆ ಕೂತರು. ನಾನು ಅಭ್ಯಾಸದಂತೆ ಕೆರೆದೆ. ಪಕ್ಕದ ಹೆಂಗಸು ಏಳಲಿಲ್ಲ, ಟೊಮ್ಯಾಟೊ ಚೀಲವನ್ನು ಕಾಲಡಿ ಸರಿಸಿ ಪಿಸುಗುಟ್ಟಿದಳು: “ನಿಮ್ಗೂ ಇರ್ವೆ ಅರಿದಾಡ್ದಂಗೆ ಆಯ್ತದಾ ಅಕ್ಕಾ? ದಾರನೂ ಬತ್ತದಾ?” ಹಾಗೆನ್ನುತ್ತಾ ತೋಳು ಮೇಲೆತ್ತಿ ತೋರಿಸಿದಳು.

ಮೂರು ತಿಂಗಳು ಲೋಕವನ್ನೆಲ್ಲ ಶಪಿಸಿದ ನಾನು ಆಗ ಮಾಡಿದ್ದೇನು ಗೊತ್ತೇ? ಒಂದು ಗೇಣು ಕಿಟಕಿಯ ಕಡೆಗೆ ಸರಿದೆ.

ನಾಚಿಕೆಯಾಗಿ ಮರಳಿ ಸರಿದು, ಇದುವರೆಗೆ ಯಾರೂ ನನ್ನನ್ನು ಕೇಳದ ಪ್ರಶ್ನೆಯನ್ನು ಕೇಳಿದೆ: “ಯಾವಾಗಿಂದ ಕಣವ್ವಾ?”

ನಂಜನಗೂಡು ಬರುವವರೆಗೂ ಅವಳು ಹೇಳಿದಳು. ಇಬ್ಬರ ಸೀಟಿನಲ್ಲಿ ಇಬ್ಬರೂ ಕೂತು ಸರದಿಯಂತೆ ಕೆರೆದುಕೊಂಡೆವು. ನಿಂತವರೆಲ್ಲ ನಮ್ಮಿಂದ ಒಂದಡಿ ದೂರ.