ಒಬ್ಬರಿಗೊಂದು ನ್ಯಾಯ

ಸಹಕಾರನಗರದ ನಮ್ಮ ಆಫೀಸಿನಲ್ಲಿ ಯಾರನ್ನೂ ಸಾರ್, ಮೇಡಂ ಎನ್ನುವಂತಿಲ್ಲ. ಕಂಪನಿ ಕಟ್ಟಿದವನನ್ನೂ ಹೆಸರು ಹಿಡಿದೇ ಕರೆಯಬೇಕು. ಇಲ್ಲಿನ ಪದ್ಧತಿಯೇ ಹಾಗೆ ಎಂದು ಸೇರಿದ ದಿನವೇ ಹೇಳಿದ್ದರು. ಅರ್ಧ ಆಯಸ್ಸು ‘ಮಿಸ್’ ಅನ್ನಿಸಿಕೊಂಡು ಬಂದವಳು ನಾನು. ಮೊದಮೊದಲು ಆಫೀಸಿನ ಎಳೆಯ ಹುಡುಗರ ಬಾಯಲ್ಲಿ ನನ್ನ ಹೆಸರು ಬೈಗುಳದ ಹಾಗೆ ಕೇಳುತ್ತಿತ್ತು.

ಯಲಹಂಕದಲ್ಲಿ ನಾನು ಗಣಿತ ಕಲಿಸುತ್ತಿದ್ದ ಶಾಲೆ ಮುಚ್ಚಿಹೋಗಿತ್ತು. ಜಾಗದವರು ಅಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಮನೆಯಲ್ಲಿ ಕೈಕಟ್ಟಿ ಕೂತವಳನ್ನು ಈ ಕಂಪನಿಗೆ ಕರೆತಂದವನು ನನ್ನ ಹಳೆಯ ವಿದ್ಯಾರ್ಥಿ. ಮಕ್ಕಳಿಗೆ ಮೊಬೈಲಿನಲ್ಲೇ ಪಾಠ ಹೇಳುವ ಕಂಪನಿ ಇದು. ಇಲ್ಲಿ ಅವನು ನಮ್ಮ ಟೀಮ್ ಲೀಡ್, ಅಂದರೆ ನನ್ನ ಮೇಲಿನವನು. ಎಲ್ಲರನ್ನೂ ಹೆಸರು ಹಿಡಿದು ಕರೆಯುವವನು ನನ್ನ ಮುಂದೆ ಬಂದಾಗ ಮಾತ್ರ ಬರೀ “ಹಾಂ... ನೀವು...” ಎಂದು ತಡವರಿಸುತ್ತಿದ್ದ.

ಕಂಪನಿ ದೋಸೆಹಿಟ್ಟಿನ ಹಾಗೆ ಉಬ್ಬುತ್ತಿತ್ತು. ಇವತ್ತು ಇದ್ದ ಕುರ್ಚಿ ನಾಳೆಗೆ ಸಾಲದು. ಪಾಠಕ್ಕೆ ತಕ್ಕ ಲೆಕ್ಕಗಳನ್ನು ಬರೆದು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ವಾರಕ್ಕೆ ಇಷ್ಟು ಎಂದು ಟಾರ್ಗೆಟ್. ಗೋಡೆಯ ದೊಡ್ಡ ಸ್ಕ್ರೀನಿನ ಮೇಲೆ ಮುಗಿಸಿದವರ ಹೆಸರು ಹಸಿರು, ಮುಗಿಸದವರದು ಕೆಂಪು. ಮೇಲಿಂದ ಮೇಲೆ ಕೆಂಪಾದವರು ಒಂದು ದಿನ ಬ್ಯಾಗ್ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ನನ್ನದು ಯಾವಾಗಲೂ ಹಸಿರು. ಸಂಜೆ ನಾನು ಮುಗಿಸದೆ ಬಿಟ್ಟುಹೋದ ಲೆಕ್ಕಗಳು ಬೆಳಿಗ್ಗೆ ಬಂದರೆ ನನ್ನ ಪಟ್ಟಿಯಲ್ಲಿರುತ್ತಿರಲಿಲ್ಲ. ಕಂಪನಿಯಲ್ಲಿ ಹೀಗೇ ಏನೋ, ಉಳಿದದ್ದು ಯಾರಿಗೋ ಹೋಗುತ್ತದೆ ಅಂದುಕೊಂಡೆ. ಕೇಳಲು ಹೋಗಲಿಲ್ಲ. ಹಸಿರು ಹೆಸರು ಯಾರಿಗೆ ಬೇಡ? ಈ ವಯಸ್ಸಿನಲ್ಲೂ ನೋಡಿ ಎಂದು ಅಕ್ಕಪಕ್ಕದ ಮನೆಯವರ ಮುಂದೆ ಜಂಬ ಬೇರೆ ಕೊಚ್ಚಿದ್ದೆ.

ಒಂದು ಶುಕ್ರವಾರ ಎಲ್ಲರನ್ನೂ ಸೇರಿಸಿದರು. ಕಂಪನಿಯ ವಾತಾವರಣದ ಬಗ್ಗೆ ನಾವೆಲ್ಲ ಹೆಸರು ಹಾಕದೆ ಬರೆದುಕೊಟ್ಟಿದ್ದ ಅಭಿಪ್ರಾಯಗಳನ್ನು ಎಚ್‌ಆರ್ ಹುಡುಗಿ ಸ್ಕ್ರೀನಿನ ಮೇಲೆ ತೋರಿಸಿ ಓದತೊಡಗಿದಳು. ಭಾನುವಾರವೂ ಮೆಸೇಜು ಬರುತ್ತದೆ. ರಜೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಎಲ್ಲರೂ ನಗುತ್ತಿದ್ದರು. ಆಮೇಲೆ ಇದು ಬಂತು: ‘ನಮ್ಮ ಗಣಿತದ ಟೀಮಿನಲ್ಲಿ ಒಬ್ಬರಿಗೊಂದು ನ್ಯಾಯ. ಅವರ ಕೆಲಸ ಬೇರೆಯವರು ಮಾಡ್ತಾರೆ, ಹೆಸರು ಮಾತ್ರ ಅವರಿಗೆ.’

ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಷಪಾತ ಅಂದರೆ ನನಗಾಗದು. ಹೆಡ್‌ಮಾಸ್ಟರರ ಮಗನನ್ನೇ ಫೇಲು ಮಾಡಿದವಳು ನಾನು. ಎದ್ದು ನಿಂತೆ.

“ಯಾರದು? ಹೆಸರು ಹೇಳ್ಲಿ. ಇನ್ನೊಬ್ರ ದುಡಿಮೆ ಮೇಲೆ ಮೆರೆಯೋಕೆ ನಾಚಿಕೆ ಆಗಲ್ವಾ? ನಮ್ಮ ಸ್ಕೂಲಲ್ಲಾಗಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ದೆ!”

ನಮ್ಮ ಟೀಮಿನ ಹುಡುಗರು ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದರು. ಪಕ್ಕದ ಹುಡುಗಿ ನನ್ನ ಸೆರಗು ಜಗ್ಗಿ, “ಪ್ಲೀಸ್, ಕೂತ್ಕೊಳ್ಳಿ” ಅಂದಳು. ಅವಳ ದನಿಯಲ್ಲಿ ಕನಿಕರವಿತ್ತು. ಟೀಮ್ ಲೀಡ್ ಕಡೆ ತಿರುಗಿದೆ. ಅವನು ತಲೆ ತಗ್ಗಿಸಿ ಮೇಜು ನೋಡುತ್ತಿದ್ದ, ಕಿವಿ ಕೆಂಪಾಗಿತ್ತು. ಸಂಜೆ ಉಳಿದು ಬೆಳಿಗ್ಗೆ ಮಾಯವಾಗುತ್ತಿದ್ದ ಲೆಕ್ಕಗಳು ಆಗ ನೆನಪಾದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಕಳ್ಳನನ್ನು ಹುಡುಕುತ್ತಿದ್ದೆ. ಕೂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಅವನನ್ನು ಮೆಟ್ಟಿಲ ಹತ್ತಿರ ಹಿಡಿದೆ.

“ನನ್ನ ಕೆಲಸ ನೀನು ಮಾಡ್ತಿದ್ಯಾ?”

“ಸ್ವಲ್ಪ, ಮಿಸ್.” ಆಫೀಸಿನಲ್ಲಿ ಅವನು ಹಾಗೆ ಕರೆದದ್ದು ಅದೇ ಮೊದಲು.

“ಸ್ವಲ್ಪ ಅಂದ್ರೆ? ಅರ್ಧನಾ?”

“ಅರ್ಧಕ್ಕಿಂತ ಜಾಸ್ತಿ. ನೀವು ಬರೆಯೋದು ಚೆನ್ನಾಗಿರುತ್ತೆ ಮಿಸ್, ಆದ್ರೆ ಇಲ್ಲಿನ ಸ್ಪೀಡ್...”

“ಯಾಕೋ ಹೀಗೆ ಮಾಡ್ದೆ?”

ಅವನು ಚಪ್ಪಲಿ ನೋಡುತ್ತ ಹೇಳಿದ. “ಒಂಬತ್ತನೇ ಕ್ಲಾಸಲ್ಲಿ ನೀವೇ ಒಂದ್ ಮಾರ್ಕ್ ಹಾಕಿ ನನ್ನ ಪಾಸ್ ಮಾಡಿದ್ರಲ್ಲ. ಫೇಲಾದ್ರೆ ಸ್ಕೂಲ್ ಬಿಡಿಸಿ ಹಾಲಿನ ವ್ಯಾನ್ ಕೆಲಸಕ್ಕೆ ಹಾಕ್ತೀನಿ ಅಂದಿದ್ರು ನಮ್ಮಪ್ಪ. ಅದನ್ನ ಮರೆಯಕ್ಕಾಗುತ್ತಾ?”

ಹೌದು ಅಂದುಬಿಟ್ಟರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಒಂದು ಕ್ಷಣ ಆಸೆಯೂ ಆಯಿತು.

“ನಾನು ಯಾರಿಗೂ ಮಾರ್ಕ್ಸ್ ಸುಮ್ನೆ ಹಾಕಿದೋಳಲ್ಲ ಕಣೋ. ನಿಂಗೂ ಹಾಕಿಲ್ಲ. ನೀನೇ ಬರೆದು ಪಾಸಾಗಿದ್ದು.”

ಅವನು ನನ್ನನ್ನೇ ನೋಡಿದ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಬದಲಿಗೆ ಮುಖ ಸಪ್ಪಗಾಯಿತು.

“ನಿಜವಾಗ್ಲೂ ಹಾಕಿರ್ಲಿಲ್ವಾ?” ಅಂದ.

“ಇಲ್ಲ. ಸೋಮವಾರದಿಂದ ನನ್ನ ಲೆಕ್ಕ ಮುಟ್ಬೇಡ.”

“ಕೆಲಸ ಹೋಗುತ್ತೆ ಮಿಸ್.”

“ಹೋಗ್ಲಿ,” ಅಂದೆ. ದೊಡ್ಡದಾಗಿಯೇ ಅಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಮೀಟಿಂಗಿನಲ್ಲಿ ಮಾನ ಹೋದದ್ದು ಬ್ಯಾಟರಾಯನಪುರ ದಾಟುವ ಹೊತ್ತಿಗೆ ಅಷ್ಟು ಸುಡುತ್ತಿರಲಿಲ್ಲ. ಸುಡುತ್ತಿದ್ದದ್ದು ಅವನ ಸಪ್ಪೆ ಮುಖ. ಆ ವರ್ಷ ಅವನು ಒಂದು ಮಾರ್ಕಿನಿಂದ ಫೇಲಾಗಿ, ಹಾಲಿನ ವ್ಯಾನಿನ ವಿಷಯ ಹೇಳಿ ನನ್ನೆದುರು ಅಳುತ್ತ ನಿಂತಿದ್ದರೂ, ಆ ಒಂದು ಮಾರ್ಕು ನಾನು ಕೊಡುತ್ತಿರಲಿಲ್ಲ.