ಗೌಡರಿಗೂ ತೆಗೆಯದ ಗೇಟು

ಹೆಡತಲೆಯ ಪುಟ್ಟಬಸವಯ್ಯನ ಎಡಗಾಲಿನ ಮೇಲೆ ಭತ್ತದ ಗಾಡಿಯ ಚಕ್ರ ಹರಿದದ್ದು ಸುಗ್ಗಿಯಲ್ಲಿ. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಮುಂದಿನ ಮಳೆಗೆ ಹಟ ಮಾಡಿ ನೇಗಿಲು ಹಿಡಿದ. ಕೆಸರಿನಲ್ಲಿ ಒಂದು ಸಾಲು ಮುಗಿಯುವುದರೊಳಗೆ ಕಾಲು ಹೂತುಕೊಂಡು ಮಗುಚಿ ಬಿದ್ದ. ಅಣ್ಣ ಸಿದ್ದಯ್ಯ ಓಡಿ ಬಂದು ಎತ್ತಿ ಬದುವಿನ ಮೇಲೆ ಕೂರಿಸಿ, ತಾನೇ ಹೋಗಿ ನೇಗಿಲು ಹಿಡಿದ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಾಗಿತ್ತು.

ಸಿದ್ದಯ್ಯ ಊರಿನ ಗೌಡರ ಗಾಡಿ ಹೊಡೆಯುತ್ತಿದ್ದವನು. ಅವನ ಮಕ್ಕಳೇ ಮನೆ ತುಂಬ ಇದ್ದರು. ಅವನು ಬಾಯಿ ಬಿಟ್ಟು ಏನೂ ಹೇಳದಿದ್ದರೂ ಅತ್ತಿಗೆಯ ಮುದ್ದೆ ತಿರುವುವ ಕೋಲು ಹೇಳುತ್ತಿತ್ತು. ಪುಟ್ಟಬಸವಯ್ಯನ ಹೆಂಡತಿ ಸಾಕಮ್ಮ ಎರಡು ಆಳಿನ ಗೇಯ್ಮೆ ಗೇಯ್ದು, ಅರ್ಧ ಹೊಟ್ಟೆ ಉಂಡು ಎದ್ದು ಹೋಗುತ್ತಿದ್ದಳು.

ಈ ಸುದ್ದಿ ಸಾಕಮ್ಮನ ತವರು ಹೆಮ್ಮಿಗೆಯವರೆಗೂ ಹೋಯಿತು. ಸಾಕಮ್ಮನ ಅಪ್ಪ ಬಂದವನು ಕೊಟ್ಟ ನೀರನ್ನೂ ಕುಡಿಯದೆ ಜಗಲಿಯಲ್ಲಿ ಕೂತ.

"ನೋಡಪ್ಪಾ, ನಿನ್ ಕಾಲಿಗೆ ನಾನೇನೂ ಅನ್ನಾಕಿಲ್ಲ. ಶಿವ ಕೊಟ್ಟುದ್ದು. ಆದ್ರೆ ಶಿವರಾತ್ರಿ ಒಳಗೆ ನೀನು ಬ್ಯಾರೆ ಒಲೆ ಊಡಬೇಕು. ಇಲ್ದೇವೋದ್ರೆ ಮಗಳ್ನ ಕರ್ಕೊಂಡೋಯ್ತೀನಿ. ನೀನು ನಂಜನಗೂಡ್ ಛತ್ರದಲ್ಲಿ ಉಂಡ್ಕಂಡು ಬಿದ್ದಿರು."

ಸಾಕಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅಪ್ಪನಿಗೆ ಎದುರಾಡಲಿಲ್ಲ. ಆದರೆ ಮುಂದಿನ ಸಂತೆಗೆ ಹೋದವಳು ನಂಜನಗೂಡಿನಲ್ಲಿ ಕಂಡಕಂಡವರನ್ನೆಲ್ಲ ವಿಚಾರಿಸಿ, ಹೊಳೆ ಆಚೆ ಮೈಸೂರು ರಸ್ತೆಗೆ ರೈಲು ಹಳಿ ಅಡ್ಡ ಬರುವ ಕಡೆ ಗೇಟು ಕಾಯಲು ಆಳು ಹುಡುಕುತ್ತಿದ್ದಾರೆ ಎಂದು ತಿಳಿದು ಬಂದಳು. ಕೂತು ಕಾಯುವ ಕೆಲಸ. ಪಕ್ಕದಲ್ಲೇ ಇರಲು ಒಂದಂಕಣದ ಮನೆ. ಆ ಮನೆಯಲ್ಲಿ ಒಲೆ ಹೂಡುವ ಮೂಲೆ ಯಾವುದೆಂದು ಸಹ ಅವಳು ಕಿಟಕಿಯಿಂದ ಇಣುಕಿ ನೋಡಿಕೊಂಡು ಬಂದಿದ್ದಳು.

ದೊಡ್ಡವರ ಮುಂದೆ ನಿಂತು ಕೆಲಸ ಕೇಳುವ ರೀತಿ ಆ ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ನರಸೀಪುರದ ಸೋದರಮಾವ ಹುಚ್ಚಯ್ಯ. ತಾಲ್ಲೂಕು ಕಚೇರಿಯಲ್ಲಿ ದಲಾಯತನಾಗಿ, ಸೊಂಟಕ್ಕೆ ಬಿಲ್ಲೆಪಟ್ಟಿ ಕಟ್ಟಿಕೊಂಡು, ಬಂದ ಅಮಲ್ದಾರರಿಗೆಲ್ಲ ಬಾಗಿಲು ಕಾದು ಮುದುಕನಾದವನು. ಪುಟ್ಟಬಸವಯ್ಯ ಯಾರದೋ ಗಾಡಿಯ ಹಿಂದೆ ಕೂತು ನರಸೀಪುರಕ್ಕೆ ಹೋದ.

ಹುಚ್ಚಯ್ಯನಿಗೆ ಹುರುಪು ಬಂದುಬಿಟ್ಟಿತು. ರುಮಾಲು ಸುತ್ತಿಕೊಂಡು ಜಗಲಿಯ ಮೇಲೆ ಕಾಲು ಚಾಚಿ ಕೂತ.

"ಈಗ ನಾನೇ ಸಾಯೇಬ. ನೀನು ಬೀದಿಯಿಂದ ಬಾ. ಥೂ, ಅಂಗಲ್ಲ ಕಣ್ಲಾ! ಕೆರ ಅಲ್ಲೇ ಬುಡು. ರುಮಾಲು ತೆಗೀಬ್ಯಾಡ, ಬರಿದಲೇಲಿ ನಿಂತ್ರೆ ಸಾವಿನ್ ಸುದ್ದಿ ತಂದೋನಂಗೆ ಕಾಣ್ತದೆ. ಒಸ ಬಟ್ಟೆ ಬ್ಯಾಡ, ಒಗೆದ ಬಟ್ಟೆ ಸಾಕು. ಬಾಯಾಗೆ ಎಲೆ ಅಡಿಕೆ ಇರಕೂಡ್ದು. ಕರೆಯೋಕೆ ಮುಂಚೇನೇ ಓಗಿ ಕಣ್ಣಿಗೆ ಬೀಳೋ ಜಾಗದಲ್ಲಿ ನಿಂತಿರು. ಇನ್ನು ಕಾಲು. ಅದ ಮುಚ್ಚಿಡಬ್ಯಾಡ. ಅವರು ಕಂಡುಹಿಡಿಯೋಕೆ ಮೊದ್ಲು ನೀನೇ ಏಳ್ಬುಡು."

"ಆಯ್ತು ಮಾವ."

"ಮಾವ ಅಲ್ಲ ಕಣೋ, ಬುದ್ಧಿ! ಎಲ್ಲಕ್ಕಿಂತ ದೊಡ್ಡದು ಕೇಳು. ಅವರು ಏನೇ ಅನ್ಲಿ, ಇಲ್ಲ, ಆಗಲ್ಲ ಅನ್ನೋ ಮಾತು ನಿನ್ ಬಾಯಾಗೆ ಬರಕೂಡ್ದು. ಅಪ್ಪಣೆ ಬುದ್ಧಿ ಅನ್ನು. ಎಲ್ಲಿ, ಅನ್ನು."

"ಅಪ್ಪಣೆ ಬುದ್ಧಿ."

"ಇನ್ನೊಸಿ ಬಗ್ಗು."

ಒಳಗೆ ಬೇಳೆ ಆರಿಸುತ್ತಿದ್ದ ಅತ್ತೆ ಚಿನ್ನಮ್ಮ ಅಲ್ಲಿಂದಲೇ ಕೂಗಿದಳು: "ಇವ್ರು ಅಪ್ಪಣೆ ಅಪ್ಪಣೆ ಅಂತ ಬಗ್ಗಿ ಬಗ್ಗಿ ಈಗ ನೆಟ್ಟಗೆ ಮಲಗೋಕೂ ಬರಾಕಿಲ್ಲ. ಅದ್ನೂ ಕಲಿಸ್ಕೊಡಿ ಉಡುಗನಿಗೆ!"

"ನೀನು ಬೇಳೆ ನೋಡ್ಕೊ!" ಎಂದ ಹುಚ್ಚಯ್ಯ. ಸಂಜೆಯವರೆಗೆ ಬಿಡದೆ ಅಭ್ಯಾಸ ಮಾಡಿಸಿದ.

ನಂಜನಗೂಡು ಸ್ಟೇಷನ್ನಿನ ಸಾಮಾನು ಕೊಟ್ಟಿಗೆಯ ನೆರಳಿನಲ್ಲಿ ಹಳಿ ಇನ್‌ಸ್ಪೆಕ್ಟರು ದೊರೆಸ್ವಾಮಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತೆಳ್ಳಗೆ, ಕಪ್ಪಗೆ, ನಗು ಅನ್ನುವುದು ಹತ್ತಿರ ಸುಳಿಯದ ಮುಖ. ಪುಟ್ಟಬಸವಯ್ಯನಿಗಿಂತ ಮುಂಚೆ ಇಬ್ಬರು ಗಟ್ಟಿಮುಟ್ಟಾದ ಆಳುಗಳು ಹೋಗಿ ಮಾತಾಡಿ ಬಂದರು. ಅವರನ್ನು ಏನು ಕೇಳಿದರೋ ದೂರಕ್ಕೆ ಕೇಳಿಸಲಿಲ್ಲ. ಹುಣಿಸೆಮರದ ಬುಡದಲ್ಲಿ ಸಾಕಮ್ಮ ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಬುದ್ಧಿ, ನನ್ ಎಡಗಾಲು ಸೊಟ್ಟ," ಎಂದ ಪುಟ್ಟಬಸವಯ್ಯ ಕೈಮುಗಿಯುತ್ತಲೇ. "ಓಡೋಕಾಗಲ್ಲ. ನಿಂತ್ಕಳೋಕೆ ಆಯ್ತದೆ."

"ಓಡೋನು ನನಗೆ ಬೇಡ. ನಿಲ್ಲೋನು ಬೇಕು."

ಮಾವ ಹೇಳಿದ್ದು ಫಲಿಸಿತು ಎಂದು ಅವನ ಎದೆ ಹಗುರಾಯಿತು. ಕೆಂಪು ಬಾವುಟ ಯಾವುದು, ಹಸಿರು ಯಾವುದು ಎಂದರು; ಹೇಳಿದ. ದೂರದ ಕಂಬದ ಮೇಲೆ ಕೂತಿರುವುದು ಕಾಗೆಯೋ ಗೊರವಂಕವೋ ಎಂದರು, ಹೇಳಿದ. ಹೆಂಡ ಕುಡಿಯುತ್ತೀಯಾ ಎಂದರು, ತಲೆ ಅಲ್ಲಾಡಿಸಿದ. ಆಮೇಲೆ ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ರೈಲು ಬರೋ ಹೊತ್ತು. ಗೇಟು ಹಾಕಿದ್ದೀಯ. ಅಮಲ್ದಾರರ ಜಟಕಾ ಬಂತು. ತೆಗಿ ಅಂದರು. ಏನು ಮಾಡ್ತೀಯ?"

ಅವನಿಗೆ ಉತ್ತರ ಗೊತ್ತಿತ್ತು. ದನ ಕಾಯುವವನಿಗೂ ಗೊತ್ತಾಗುವ ಉತ್ತರ ಅದು. ಆದರೆ ಹುಟ್ಟಿದಾಗಿನಿಂದ ಗೌಡರ ಮನೆಯ ಅಂಗಳದಲ್ಲಿ ಬಗ್ಗಿ ನಿಂತ ಮೈ ಅದು. ಅದರ ಮೇಲೆ ನರಸೀಪುರದ ಅಭ್ಯಾಸ ಬೇರೆ. ಬಾಯಿ ತಾನಾಗಿಯೇ ತೆರೆಯಿತು.

"ಅಪ್ಪಣೆ ಬುದ್ಧಿ."

"ಅಂದರೆ? ತೆಗೀತೀಯಾ?"

"ಅಪ್ಪಣೆ ಆದ್ರೆ ತೆಗೀತೀನಿ ಬುದ್ಧಿ."

"ರೈಲು ಕಣ್ಣಿಗೆ ಕಾಣ್ತಾ ಇದೆ."

"ಬಿರ್ನೆ ತೆಗೀತೀನಿ ಬುದ್ಧಿ."

ಪಕ್ಕದಲ್ಲಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ದೊರೆಸ್ವಾಮಿ ನಗಲಿಲ್ಲ. "ಒಳ್ಳೇ ಮನುಷ್ಯ ನೀನು. ಇಂಥ ಒಳ್ಳೇವರಿಂದಲೇ ಗೇಟಿನಲ್ಲಿ ಹೆಣ ಬೀಳೋದು. ಹೋಗು."

ಹುಣಿಸೆಮರದವರೆಗೆ ಹೇಗೆ ನಡೆದುಬಂದನೋ ಅವನಿಗೇ ತಿಳಿಯದು. ಸಾಕಮ್ಮ ಮುಖ ನೋಡಿ ಬುತ್ತಿ ಬಿಚ್ಚಲಿಲ್ಲ.

"ಏನ್ ಕೇಳುದ್ರು?"

ಹೇಳಿದ.

"ರೈಲು ಬತ್ತಾ ಇರೋವಾಗ ಬಿರ್ನೆ ತೆಗೀತೀನಿ ಅಂದ್ಯಾ?" ಅವಳಿಗೆ ನಗು ಬಂತು, ಬಂದ ನಗು ಗಂಟಲಲ್ಲೇ ಕೆಟ್ಟು ಅಳುವಾಯಿತು. ಸೆರಗಿನಿಂದ ಮೂಗೊರಸಿಕೊಂಡು, "ತಿರ್ಗಾ ಓಗಿ ಕೇಳು," ಎಂದಳು.

"ಓಗು ಅಂದವ್ರೆ ಕಣೆ."

"ಅವ್ರು ಓಗು ಅಂದ್ರೆ ಓಗ್ಬುಡದಾ? ಅದ್ನೇ ತಾನೆ ಅವ್ರು ನಿನ್ನ ಕೇಳಿದ್ದು? ನಾನು ಹೆಮ್ಮಿಗೆಗೆ ಓಗಲ್ಲ. ನೀನು ಛತ್ರಕ್ಕೆ ಓಗ್ಬ್ಯಾಡ. ನಡಿ."

ಇನ್‌ಸ್ಪೆಕ್ಟರು ಹಳಿಯ ಮೇಲಿನ ಟ್ರಾಲಿ ಹತ್ತಲು ಕಾಲೆತ್ತಿದ್ದರು. ಕುಂಟುತ್ತ ಬರುತ್ತಿದ್ದವನನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಮತ್ತೆ ಯಾಕೆ ಬಂದೆ? ಹೋಗು ಅಂದೆನಲ್ಲ."

ಪುಟ್ಟಬಸವಯ್ಯ ಟ್ರಾಲಿಯ ಮುಂದೆ ಬಂದು ನಿಂತ. ಒಳ್ಳೆಯ ಕಾಲೇ ನಡುಗುತ್ತಿತ್ತು, ಸೊಟ್ಟ ಕಾಲು ಗಟ್ಟಿಯಾಗಿ ನಿಂತಿತ್ತು.

"ಓಗಲ್ಲ ಬುದ್ಧಿ."

"ಏನಂದೆ?"

"ಓಗಲ್ಲ ಬುದ್ಧಿ. ಇನ್ನೊಂದ್ ಸಲ ಕೇಳಿ."

ಟ್ರಾಲಿ ತಳ್ಳುವ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊರೆಸ್ವಾಮಿ ಎತ್ತಿದ ಕಾಲು ಇಳಿಸಿದರು. "ಯಾರು ಹೇಳಿಕೊಟ್ಟದ್ದು?"

"ನನ್ನೆಂಡ್ತಿ ಬುದ್ಧಿ."

"ಹಾಗಾದರೆ ಕೆಲಸ ಅವಳಿಗೇ ಕೊಡಬೇಕು." ಟ್ರಾಲಿ ಬಿಟ್ಟು ಅವನ ಹತ್ತಿರ ಬಂದರು. "ನನಗೆ ಇಲ್ಲ ಅನ್ನೋದು ದೊಡ್ಡದಲ್ಲ ಕಣಯ್ಯ. ನಾನು ಯಾರೋ, ನೀನು ಯಾರೋ. ನಿನ್ನ ಊರಿನವರಿಗೆ ಅನ್ನು, ನೋಡೋಣ. ಶಿವರಾತ್ರಿವರೆಗೆ ಗೇಟು ಕಾಯಿ. ಒಂದೇ ಒಂದು ಸಲ ತಪ್ಪಿದರೂ ಮನೆಗೆ. ಅಲ್ಲಿವರೆಗೆ ಹೆಂಡತಿ, ಪಾತ್ರೆ ಪಡಗ ಯಾವುದೂ ಇಲ್ಲಿಗೆ ಬರೋಹಾಗಿಲ್ಲ."

ಗೇಟು ಎಂದರೆ ಎರಡು ಕಬ್ಬಿಣದ ಬಾಗಿಲು, ಒಂದು ಸರಪಳಿ, ಒಂದು ಬೀಗ. ಸ್ಟೇಷನ್ನಿನಲ್ಲಿ ರೈಲು ಕೂಗಿದ ಕೂಡಲೇ ಹಾಕಬೇಕು, ಅದು ಸೇತುವೆ ದಾಟಿ ಬಂದು ಕಣ್ಮರೆಯಾದ ಮೇಲೆ ತೆಗೆಯಬೇಕು. ಮೊದಮೊದಲು ಜಟಕಾದವರು, ಬೆಲ್ಲದ ಗಾಡಿಯವರು ಬಾಯಿಗೆ ಬಂದ ಹಾಗೆ ಬೈದರು. "ಏನ್ಲಾ ಕುಂಟ, ನಿಮ್ಮಪ್ಪನ ರಸ್ತೆನಾ?" ಎಂದರು. ಪ್ರತಿ ಸಲವೂ ಅವನಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಆದರೂ ತೆಗೆಯಲಿಲ್ಲ. ದಿನ ಕಳೆದಂತೆ, ಇದು ಸಲೀಸು ಎಂದುಕೊಂಡ.

ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಸ್ಟೇಷನ್ನಿನಲ್ಲಿ ರೈಲು ಕೂಗಿತು, ಅವನು ಗೇಟು ಹಾಕಿ ಬೀಗ ಜಡಿದ. ಅಷ್ಟರಲ್ಲಿ ಸೇತುವೆ ಇಳಿದು ಮೂರು ಕಮಾನು ಗಾಡಿಗಳು ಬಂದವು. ಎತ್ತುಗಳ ಕೊರಳ ಗಂಟೆಯ ಸದ್ದಿಗೇ ಅವನಿಗೆ ಗೊತ್ತಾಗಿಹೋಯಿತು. ಹೆಡತಲೆಯ ಗೌಡರು. ಮುಂದಿನ ಗಾಡಿಯ ಮೂಕಿಯ ಮೇಲೆ ಅಣ್ಣ ಸಿದ್ದಯ್ಯ.

ತಾಂಡವಪುರದಲ್ಲಿ ಗೌಡರ ಮಗನಿಗೆ ವೀಳ್ಯಶಾಸ್ತ್ರ. ರಾಹುಕಾಲ ಹುಟ್ಟುವುದರೊಳಗೆ ಹೆಣ್ಣಿನ ಮನೆಯ ಹೊಸ್ತಿಲು ದಾಟಬೇಕಿತ್ತು.

"ಯಾರು, ಬಸ್ವನಾ?" ಗೌಡರ ಮುಖ ಅರಳಿತು. "ನಮ್ ಊರೋನೇ ಅವನೆ ಬುಡು. ತಗೀಲಾ."

"ರೈಲು ಕೂಗ್ಯದೆ ಬುದ್ಧಿ. ಅದು ಓಗೋಗಂಟ ತೆಗೆಯಂಗಿಲ್ಲ."

"ಎಲ್ಲದ್ಲಾ ನಿನ್ ರೈಲು?"

ಎಲ್ಲಿಯೂ ಇರಲಿಲ್ಲ. ಸೇತುವೆಯ ಆಚೆ ಹೊಗೆ ಕಾಣುತ್ತಿತ್ತು, ಆದರೆ ಹೊಗೆ ಇದ್ದಲ್ಲೇ ಇತ್ತು. ಹೊಳೆಗೆ ಗಾಡಿಗೂ ರೈಲಿಗೂ ಒಂದೇ ಸೇತುವೆ; ಗೌಡರ ಗಾಡಿಗಳ ಹಿಂದೆಯೇ ಯಾರದೋ ದನದ ಮಂದೆ ಅದರ ಮೇಲೆ ನುಗ್ಗಿ ರೈಲನ್ನು ತಡೆದಿತ್ತು. ಅದು ಆಮೇಲೆ ತಿಳಿದದ್ದು. ಆಗ ಕಂಡದ್ದು ನಿಂತ ಹೊಗೆ, ಏರುತ್ತಿದ್ದ ಬಿಸಿಲು, ಗಾಡಿಯೊಳಗೆ ಗುಸುಗುಸು ಎನ್ನುವ ಹೆಂಗಸರು.

"ನಿಂತದೆ ಕಣ್ಲಾ ಅದು! ಮೂರ್ ಗಾಡಿ ದಾಟೋಕೆ ಎಷ್ಟೊತ್ತು ಬೇಕು? ತಗಿ!"

"ಯಾವಾಗ ಒರಡ್ತದೋ ನಂಗೊತ್ತಿಲ್ಲ ಬುದ್ಧಿ."

ಗೌಡರು ತಿರುಗಿ, "ಸಿದ್ದ, ಇಳೀಲಾ. ಆ ಬೀಗದಕೈ ಕಿತ್ಕೊ," ಎಂದರು.

ಸಿದ್ದಯ್ಯ ಇಳಿದು ಬಂದ. ಹತ್ತಿರ ಬಂದು ದನಿ ತಗ್ಗಿಸಿ, "ನನ್ ಮುಖ ನೋಡಾದ್ರೂ ತಗಿ ಬಸ್ವ. ನನ್ ಮಕ್ಕಳು ಗೌಡ್ರ ಅನ್ನ ತಿಂತಾವೆ," ಎಂದ.

ಬೀಗದಕೈ ಸೊಂಟದ ಉಡಿದಾರದಲ್ಲಿತ್ತು. ಪುಟ್ಟಬಸವಯ್ಯ ಗೇಟಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತುಬಿಟ್ಟ, ಸರಪಳಿಯನ್ನು ತೋಳಿಗೆ ಸುತ್ತಿಕೊಂಡ. ಅಣ್ಣನ ಕೈ ಹೆಗಲ ಮೇಲೆ ಬಿತ್ತು. ಆ ಕೈಯ ಬಲ ಅವನಿಗೆ ಚೆನ್ನಾಗಿ ಗೊತ್ತು. ಒಂದು ಸಲ ಎಳೆದರೆ ಸಾಕು.

"ಆಗಲ್ಲ ಅಣ್ಣ," ಎಂದ. ತಲೆ ಎತ್ತಿ ನೋಡುವ ಧೈರ್ಯವಾಗಲಿಲ್ಲ.

ಸಿದ್ದಯ್ಯ ಎಳೆಯಲಿಲ್ಲ. ಕೈಯನ್ನು ತೆಗೆಯಲೂ ಇಲ್ಲ. ಹಾಗೇ ನಿಂತ. ಒಂದು ಎತ್ತು ಗೊರಸು ಕೆರೆಯಿತು. ಕೊನೆಗೆ ಗೌಡರು ಬಿಸಿಲಿನ ಕಡೆ ಕೈ ಅಡ್ಡ ಹಿಡಿದು ನೋಡಿ, "ಮುಗೀತು. ಗಾಡಿ ತಿರುಗಿಸ್ಲಾ ಸಿದ್ದ," ಎಂದರು. ಆಮೇಲೆ ಕೂತವನ ಕಡೆ ತಿರುಗಿದರು. ಕೂಗಲಿಲ್ಲ. "ನಿನ್ ಕಾಲು ಇನ್ನು ಹೆಡತಲೆ ಮಣ್ಣು ಮೆಟ್ಟಕೂಡ್ದು."

ಮೂರು ಗಾಡಿಗಳೂ ತಿರುಗಿಕೊಂಡು ಹೋದವು. ಎಬ್ಬಿಸಿದ ಧೂಳೂ ಅಡಗಿತು. ಆಗಲೂ ರೈಲು ಬಂದಿರಲಿಲ್ಲ. ಬಂದಾಗ ಎರಡೂ ಕಡೆ ರಸ್ತೆ ಬರಿದಾಗಿತ್ತು. ಅವನು ಎದ್ದು ಹಸಿರು ಬಾವುಟ ಹಿಡಿದು ನಿಂತ.

ಮಾರನೆಯ ದಿನ ದೊರೆಸ್ವಾಮಿಯವರ ಟ್ರಾಲಿ ಗೇಟಿನ ಮುಂದೆ ನಿಂತಿತು. "ನಿಮ್ಮ ಗೌಡರು ದೂರು ಹೇಳಿದ್ದಾರೆ. ರೈಲು ಎಷ್ಟು ಹೊತ್ತು ಆಚೆ ನಿಂತಿತ್ತು ಗೊತ್ತೇನಯ್ಯ? ಹತ್ತು ಗಾಡಿ ದಾಟಬಹುದಾಗಿತ್ತು."

"ಗೊತ್ತು ಬುದ್ಧಿ."

"ಗೊತ್ತಿದ್ದೂ ತೆಗೀಲಿಲ್ಲವಾ?"

"ಈಗ ಗೊತ್ತು ಬುದ್ಧಿ. ಆಗ ಗೊತ್ತಿರ್ಲಿಲ್ಲ."

ಇನ್‌ಸ್ಪೆಕ್ಟರು ಟ್ರಾಲಿಯವರಿಗೆ ತಳ್ಳಲು ಸನ್ನೆ ಮಾಡಿದರು. ಹೊರಟ ಮೇಲೆ ಹಿಂತಿರುಗಿ ನೋಡದೆಯೇ, "ಹೆಂಡತಿಗೆ ಹೇಳಿಕಳಿಸು, ಪಾತ್ರೆ ತರಲಿ," ಎಂದರು.

ಅವನು ಊರಿಗೆ ಕಾಲಿಡುವಂತಿರಲಿಲ್ಲ. ಸಾಕಮ್ಮ ಒಬ್ಬಳೇ ತಲೆಯ ಮೇಲೆ ಹೊರುವಷ್ಟು ಹೊತ್ತು ತಂದಳು. ಒರಳುಕಲ್ಲು ಅಲ್ಲೇ ಉಳಿಯಿತು. ಅತ್ತಿಗೆ ಹೊರಲು ಕೈ ಕೊಡಲಿಲ್ಲವಂತೆ. ಗೌಡರು ಸಿದ್ದಯ್ಯನನ್ನು ಗಾಡಿ ಹೊಡೆಯುವ ಕೆಲಸದಿಂದಲೇ ಬಿಡಿಸಿದ್ದರು. ಅದನ್ನು ಸಾಕಮ್ಮ ಗಂಡನಿಗೆ ಒಲೆ ಹೂಡಿ ಮುಗಿಸಿದ ಮೇಲೆ ಹೇಳಿದಳು. ಅವನು ಅಂದು ಉಣ್ಣಲಿಲ್ಲ.

ಶಿವರಾತ್ರಿ ಕಳೆದು ಕೆಲವು ದಿನಕ್ಕೆ, ಗೇಟು ಹಾಕಿದ್ದ ಹೊತ್ತಿನಲ್ಲಿ ಸೇತುವೆಯ ಕಡೆಯಿಂದ ಒಂದು ಒಂಟಿ ಗಾಡಿ ಬಂತು. ಯಾರನ್ನೋ ಬೇಡಿ ತಂದ ಬಡಕಲು ಎತ್ತುಗಳು. ಹೊಡೆಯುತ್ತಿದ್ದವನು ಸಿದ್ದಯ್ಯ. ಗಾಡಿಯಲ್ಲಿ ಒರಳುಕಲ್ಲಿತ್ತು. ರೈಲು ಅಂದೂ ತಡವಾಯಿತು. ಪುಟ್ಟಬಸವಯ್ಯ ಗೇಟಿನ ಈಚೆ, ಅಣ್ಣ ಆಚೆ. ಸಾಕಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಸಿದ್ದಯ್ಯ ಈ ಸಲ ತಗಿ ಅನ್ನಲಿಲ್ಲ. ಗಾಡಿಯಿಂದ ಇಳಿದು, ಎತ್ತುಗಳ ಕೊರಳು ಸವರುತ್ತ, ರೈಲು ಬಂದು ಹೋಗುವವರೆಗೂ ಬಿಸಿಲಿನಲ್ಲಿ ಕಾದು ನಿಂತ.